ಅಪ್ಪನ ಗಡ್ಡ

ಅಪ್ಪನನ್ನೊಮ್ಮೆ ನೋಡಿಕೊಂಡು ಹೋಗು ಎಂದು ಅಕ್ಕ ಹೇಳಿಕಳಿಸಿದಾಗಲೆಲ್ಲ ಕ್ಷೌರಿಕನದು ಒಂದೇ ಮಾತು: ಮನಸ್ಸು ಬರಲಿ, ಹೋಗುತ್ತೇನೆ. ಆ ಮನಸ್ಸೇನು ಪೇಟೆಗೆ ಹೋದ ನೆಂಟನೇ, ಸಂಜೆಯ ಹೊತ್ತಿಗೆ ತಾನಾಗಿ ಮನೆಗೆ ಬರಲು?

ಅಪ್ಪನೂ ಕ್ಷೌರಿಕನೇ. ಹಿಂದೊಮ್ಮೆ ಗಿರಾಕಿಗಳ ಎದುರಿಗೇ ಮಗನ ಕೈಯಿಂದ ಕ್ಷೌರದ ಕತ್ತಿ ಕಿತ್ತುಕೊಂಡು, ನಿನ್ನ ಕೈಗೆ ಕತ್ತೆಯೂ ಮುಖ ಕೊಡುವುದಿಲ್ಲ ಎಂದು ಅಂಗಡಿಯಿಂದ ಹೊರಗೆ ಹಾಕಿದ್ದ. ಮಗ ಬೇರೆ ಬೀದಿಯಲ್ಲಿ ಸ್ವಂತ ಕುರ್ಚಿ ಹಾಕಿ ಹೆಸರು ಮಾಡಿದ. ಅಪ್ಪನ ಹೊಸಿಲು ಮಾತ್ರ ತುಳಿಯಲಿಲ್ಲ. ಈಗ ಮುದುಕ ಅಕ್ಕನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾನೆ. ಕೈ ನಡುಗುವುದರಿಂದ ತನ್ನ ಗಡ್ಡ ತಾನೇ ತೆಗೆದುಕೊಳ್ಳಲಾರ, ಬೇರೆಯವರಿಗೆ ಮುಟ್ಟಗೊಡುವುದಿಲ್ಲ. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ.

ಮಗನ ಹೆಂಡತಿಗೆ ಅವನ ಮಾತು ಕೇಳಿ ಕೇಳಿ ಸಾಕಾಗಿ ಹೋಯಿತು. ಒಂದು ಬೆಳಿಗ್ಗೆ ಕತ್ತಿ, ಬ್ರಷ್ಷು, ಸೋಪನ್ನು ಚೀಲಕ್ಕೆ ಹಾಕಿ ಅವನ ಮುಂದಿಟ್ಟಳು.

“ಪ್ರೀತಿಯಿಂದ ಹೋಗಿ ಅಂತ ಯಾರು ಹೇಳಿದ್ರು? ಮಾವನ ಗಡ್ಡ ಬೆಳೆದಿದೆ. ತೆಗೆದು ಬನ್ನಿ, ಅಷ್ಟೇ.”

ಹೋದ. ಎದೆಯಲ್ಲಿ ಸಿಟ್ಟು ಇದ್ದ ಹಾಗೇ ಇತ್ತು. ಅಪ್ಪನ ಕಣ್ಣಿಗೆ ಕಣ್ಣು ಕೊಡದೆ ಅಕ್ಕನಿಂದ ಬಿಸಿನೀರು ತರಿಸಿದ, ಕೊರಳಿಗೆ ಟವಲು ಸುತ್ತಿದ, ಯಾವನೋ ಗಿರಾಕಿ ಎಂದುಕೊಂಡು ನೊರೆ ಹಚ್ಚಿದ. ಆದರೆ ಆ ಕೆಲಸವೇ ಹಾಗೆ, ಎಡಗೈಯಿಂದ ಚರ್ಮ ಬಿಗಿಹಿಡಿಯದೆ ಕತ್ತಿ ಆಡಿಸಲು ಬರುವುದಿಲ್ಲ. ಹಿಡಿಯಲೇಬೇಕಾಯಿತು. ಬೆರಳಿನಡಿ ಕೆನ್ನೆ ಒಳಕ್ಕೆ ಕುಸಿಯಿತು. ಅಪ್ಪ ಇಷ್ಟು ಸೊರಗಿದ್ದಾನೆಂದು ಅವನು ಎಣಿಸಿರಲಿಲ್ಲ.

ಮುದುಕ ಹೇಳಿಸಿಕೊಳ್ಳದೆಯೇ ನಾಲಗೆಯಿಂದ ಕೆನ್ನೆಯನ್ನು ಒಳಗಿನಿಂದ ಉಬ್ಬಿಸಿಕೊಟ್ಟ, ಗದ್ದ ಎತ್ತಿಕೊಟ್ಟ. ಕತ್ತಿ ಗಂಟಲಿನ ಮೇಲೆ ಬಂದಾಗ ನೆಮ್ಮದಿಯಾಗಿ ಕಣ್ಣು ಮುಚ್ಚಿದ. ಮಗನ ಎದೆ ಯಾವ ಗಳಿಗೆಯಲ್ಲಿ ಹಗುರಾಯಿತೋ ಅವನಿಗೇ ತಿಳಿಯಲಿಲ್ಲ.

ಮುಗಿಸಿ ಮುಖ ಒರೆಸಿದ. ಅಪ್ಪ ಕಣ್ಣು ಮುಚ್ಚಿಕೊಂಡೇ ನಡುಗುವ ಬೆರಳಿನಿಂದ ಕೆನ್ನೆ, ಗದ್ದ ತಡವಿ ನೋಡಿಕೊಂಡ. ಹಿಂದೆ ಮಗನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದದ್ದೂ ಹೀಗೆಯೇ.

“ಇಲ್ಲಿ ಸ್ವಲ್ಪ ಉಳಿದಿದೆ ಕಣೋ.”

ಹಳೆಯ ಸಿಟ್ಟು ಒಮ್ಮೆಲೇ ನೆತ್ತಿಗೇರಿತು. ಅಪ್ಪ ತೋರಿಸಿದ ಕಡೆ ಕೈಯಾಡಿಸಿದ. ಅಲ್ಲಿ ಒಂದು ಕೂದಲೂ ಇರಲಿಲ್ಲ. ಅಪ್ಪ ಆ ಕೆನ್ನೆಯನ್ನು ಮಗನ ಅಂಗೈಗೆ ಒತ್ತಿ ಹಾಗೇ ಇದ್ದುಬಿಟ್ಟ.

“ಹೌದಪ್ಪ, ಉಳಿದಿದೆ,” ಎಂದ ಮಗ. ಬ್ರಷ್ಷನ್ನು ನೀರಿಗೆ ಅದ್ದಿ ಮತ್ತೆ ನೊರೆ ಬರಿಸತೊಡಗಿದ.