ಸೋಸಿದ ಮಾತು

ಫುಟ್‌ಬಾಲ್ ಕ್ಲಬ್ಬಿನ ಕಚೇರಿಯಲ್ಲಿ ಸಾಲಾಗಿ ಮೂರು ಕೋಣೆಗಳು. ಒಂದು ತುದಿಯಲ್ಲಿ ಮಾಲೀಕರು, ಇನ್ನೊಂದು ತುದಿಯಲ್ಲಿ ಮ್ಯಾನೇಜರು, ನಡುವೆ ಆಫೀಸಿನ ಅಕ್ಕ. ಅಕ್ಕನ ಕೋಣೆಗೆ ಎರಡು ಬಾಗಿಲು. ಎರಡೂ ಯಾವಾಗಲೂ ಮುಚ್ಚಿರುತ್ತಿದ್ದವು. ನಾಲ್ಕು ವರ್ಷಗಳಿಂದ ಆ ಇಬ್ಬರು ಗಂಡಸರು ಒಬ್ಬರಿಗೊಬ್ಬರು ಆಡಿದ ಮಾತೆಲ್ಲ ಆಕೆಯ ಬಾಯಿಂದಲೇ ಹಾದು ಹೋಗಬೇಕಿತ್ತು.

ಮಾಲೀಕರದ್ದು ಹಾಸಿಗೆ ಕಾರ್ಖಾನೆ. ಊರಿನ ಅರ್ಧ ಜನ ಅವರ ಹಾಸಿಗೆಯಿಂದ ನಿದ್ದೆ ಹೋಗುತ್ತಾರೆ, ಉಳಿದರ್ಧ ಅವರ ಭಾಷಣದಿಂದ ಎಂದು ಆಟಗಾರರು ಹೇಳಿಕೊಳ್ಳುತ್ತಿದ್ದರು. ಮ್ಯಾನೇಜರು ಎಂದರೆ ಇಲ್ಲಿ ಕಡತ ನೋಡುವವರಲ್ಲ. ತಂಡವನ್ನು ತಿದ್ದಿ, ಪ್ರತಿ ಪಂದ್ಯಕ್ಕೂ ಹನ್ನೊಂದು ಜನರನ್ನು ಆರಿಸಿ ಕಣಕ್ಕಿಳಿಸುವವರು. ಹಿಂದೆ ಗೋಲ್‌ಕೀಪರ್ ಆಗಿದ್ದವರು. ಬಲಗೈಯ ಎರಡು ಬೆರಳು ಅದಕ್ಕೆ ಸಾಕ್ಷಿಯಾಗಿ ಸೊಟ್ಟಗಿದ್ದವು. ಎಲ್ಲರ ಬಾಯಲ್ಲೂ ಅವರು ಮೇಷ್ಟ್ರು.

ಜಗಳ ಶುರುವಾದದ್ದು ಒಂದು ಪಂದ್ಯದ ಅರ್ಧ ವಿರಾಮದಲ್ಲಿ. ತಂಡ ಎರಡು ಗೋಲು ಹಿಂದಿತ್ತು. ಮಾಲೀಕರು ಆಟಗಾರರ ಕೋಣೆಗೆ ನುಗ್ಗಿ, ಸ್ಪ್ರಿಂಗು ಎಷ್ಟು ಅದುಮಿದರೂ ಹೇಗೆ ಮೇಲೇಳುತ್ತದೆ ಎಂಬುದರ ಬಗ್ಗೆ ಹನ್ನೊಂದು ನಿಮಿಷ ಮಾತಾಡಿದರು. ವಿರಾಮ ಇರುವುದೇ ಹದಿನೈದು ನಿಮಿಷ. ಮೇಷ್ಟ್ರಿಗೆ ನಾಲ್ಕು ನಿಮಿಷ ಉಳಿಯಿತು, ತಂಡ ಐದು ಗೋಲಿನಿಂದ ಸೋತಿತು. ಮುಂದಿನ ಪಂದ್ಯಕ್ಕೆ ಮೇಷ್ಟ್ರು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದರು. ಮಾಲೀಕರು ತಮ್ಮ ದುಡ್ಡಿನ ಬಾಗಿಲನ್ನೇ ತಟ್ಟುತ್ತ ಹೊರಗೆ ನಿಂತರು. ಅಂದಿನಿಂದ ಮಾತು ಬಂದ್.

ಜಗಳವಾಡುವ ಇಬ್ಬರ ನಡುವೆ ಮಾತು ಸಾಗಿಸುವ ವಿದ್ಯೆ ಅಕ್ಕನಿಗೆ ಹೊಸದಲ್ಲ. ಮದುವೆಯಾಗಿ ಕಾಲಿಟ್ಟ ಮನೆಯಲ್ಲಿ ಅತ್ತೆ ಮಾವ ಒಬ್ಬರಿಗೊಬ್ಬರು ಮುಖಕೊಟ್ಟು ಮಾತಾಡುತ್ತಿರಲಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ಮಾತು ಹೊತ್ತವಳು ಸೊಸೆಯೇ. ಎಂಟು ದಿನದಲ್ಲಿ ಆಕೆ ಕಲಿತದ್ದಿಷ್ಟು: ಮಾತನ್ನು ಇದ್ದ ಹಾಗೇ ಕೊಟ್ಟರೆ ಮನೆ ಉಳಿಯುವುದಿಲ್ಲ, ಟೀ ಹಾಗೆ ಸೋಸಿ ಕೊಡಬೇಕು, ಚರಟ ನಮ್ಮಲ್ಲೇ ಉಳಿಯಬೇಕು.

ಕ್ಲಬ್ಬಿನಲ್ಲೂ ಅದೇ ಸೋಸಣಿಗೆ ಕೆಲಸಕ್ಕೆ ಬಂತು. 'ಆ ಮನುಷ್ಯನಿಗೆ ತಲೆಯೊಳಗೆ ಹತ್ತಿ ತುಂಬಿದೆಯಾ ಕೇಳು' ಎಂದು ಮಾಲೀಕರು ಕಳಿಸಿದ್ದು ಮೇಷ್ಟ್ರನ್ನು ತಲುಪುವಾಗ 'ಯಜಮಾನರಿಗೆ ಒಂದು ಸಣ್ಣ ಅನುಮಾನ' ಎಂದಾಗುತ್ತಿತ್ತು. ಚೆಂಡು ದುಂಡಗಿದೆ ಅನ್ನೋದು ಬಿಟ್ಟರೆ ಈ ಆಟದಲ್ಲಿ ಅವರಿಗೆ ಇನ್ನೇನೂ ಗೊತ್ತಿಲ್ಲ ಎಂಬ ಮೇಷ್ಟ್ರ ಉತ್ತರ 'ಸಲಹೆಗೆ ಧನ್ಯವಾದ ಹೇಳಿದರು' ಎಂದು ವಾಪಸಾಗುತ್ತಿತ್ತು. ನಾಲ್ಕು ವರ್ಷ ಯಾರೂ ಯಾರನ್ನೂ ಹೊಡೆಯಲಿಲ್ಲ. ಅಕ್ಕ ಅದನ್ನು ತನ್ನ ಲೆಕ್ಕದ ಗೆಲುವು ಎಂದೇ ತಿಳಿದಿದ್ದಳು.

ಈ ಏರ್ಪಾಡು ಹದಗೆಟ್ಟದ್ದು ಜಿರಾಫೆಯಿಂದ. ಜಿರಾಫೆ ಎಂದರೆ ಮಾಲೀಕರು ಹೊಸದಾಗಿ ಕರೆತಂದ ಮುಂಪಡೆಯ ಆಟಗಾರ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಉದ್ದ, ಮಾತು ಅಷ್ಟೇ ಗಿಡ್ಡ. ಮಾಲೀಕರು ಅವನನ್ನು ಆರಿಸಿದ್ದು ಮೂರು ನಿಮಿಷದ ಒಂದು ವಿಡಿಯೋ ನೋಡಿ. ಹಿನ್ನೆಲೆಯಲ್ಲಿ ಜೋರು ಸಂಗೀತ, ಒಂದರ ಹಿಂದೆ ಒಂದು ಏಳು ಗೋಲು. ಸಾವಧಾನವಾಗಿ ನೋಡಿದರೆ ಅವು ಎರಡೇ ಗೋಲು, ಬೇರೆ ಬೇರೆ ಕಡೆಯಿಂದ ತೆಗೆದದ್ದು. ಅವನು ಬಂದು ಐದು ವಾರವಾಗಿತ್ತು. ಮೇಷ್ಟ್ರು ಅವನನ್ನು ಒಂದು ಪಂದ್ಯಕ್ಕೂ ಇಳಿಸಿರಲಿಲ್ಲ.

ಶನಿವಾರ ಮಧ್ಯಾಹ್ನ ಮಾಲೀಕರು ಅಕ್ಕನನ್ನು ಕರೆದು ಕೂರಿಸಿದರು. ದನಿ ಏರಿಸಲಿಲ್ಲ. ಅದರಿಂದಲೇ ಆಕೆಗೆ ಭಯವಾಯಿತು.

"ನಾಳೆ ಆ ಹುಡುಗ ಮೊದಲ್ನೇ ನಿಮಿಷದಿಂದ ಆಡ್ಬೇಕು. ಆಡ್ಲಿಲ್ಲ ಅಂದ್ರೆ ಸೋಮವಾರ ಆ ಮನುಷ್ಯ ಗಂಟುಮೂಟೆ ಕಟ್ಕೊಂಡು ಹೊರಡ್ಲಿ. ಹೀಗೇ ಹೇಳಮ್ಮ. ಒಂದಕ್ಷರ ಬಿಡ್ಬೇಡ."

ಅಕ್ಕ ಆಗಲಿ ಎಂದು ಎದ್ದಳು. ತನ್ನ ಕೋಣೆ ದಾಟುವ ಹೊತ್ತಿಗೆ ನಾಲಿಗೆ ತನ್ನ ಪಾಡಿಗೆ ತಾನು ಕೆಲಸ ಶುರುಮಾಡಿಬಿಟ್ಟಿತ್ತು. ಯಜಮಾನರಿಗೆ ಆ ಹುಡುಗನ ಆಟ ನೋಡುವ ಆಸೆ ಇದೆಯಂತೆ, ಅನುಕೂಲವಾದರೆ ನಾಳೆ, ಎಂದಳು ಮೇಷ್ಟ್ರಿಗೆ.

ಮೇಷ್ಟ್ರು ಹಲಗೆಯ ಮೇಲೆ ಬಾಣದ ಗುರುತು ಎಳೆಯುತ್ತಿದ್ದವರು ತಿರುಗಲೂ ಇಲ್ಲ. "ಹಾಸಿಗೆ ಕೊಳ್ಳೋವಾಗ್ಲೂ ಜನ ಒಂದ್ಸಲ ಮಲಗಿ ನೋಡ್ತಾರೆ, ಇವರು ಆಟಗಾರನ್ನ ವಿಡಿಯೋ ನೋಡಿ ತಂದಿದ್ದಾರೆ, ಅವನ ಎಡಮೊಣಕಾಲು ಊದಿ ಕುಂಬಳಕಾಯಿ ಆಗಿದೆ, ಈಗ ಆಡಿಸಿದ್ರೆ ಮತ್ತೆ ಆಡೋದೇ ಇಲ್ಲ, ಅಷ್ಟೂ ಕಣ್ಣು ಕಾಣಲ್ವಾ ಆ ಮುದುಕನಿಗೆ ಅಂತ ಕೇಳಿ ಅಕ್ಕ."

ಇಷ್ಟೂ ಒಂದೇ ಉಸಿರಿನ ಮಾತು. ಮೊದಲು ಬೈಗುಳ, ಕೊನೆಗೆ ಬೈಗುಳ, ಮೊಣಕಾಲು ನಡುವೆ. ಅಕ್ಕ ಬೈಗುಳವನ್ನು ಸೋಸಿದಳು, ಜೊತೆಗೆ ಮೊಣಕಾಲೂ ಹೋಯಿತು. ಮಾಲೀಕರಿಗೆ ಸಿಕ್ಕಿದ್ದು ಇಷ್ಟೇ: ಮೇಷ್ಟ್ರು ಯೋಚನೆ ಮಾಡುತ್ತಾರಂತೆ, ಹುಡುಗನಿಗೆ ಇನ್ನೂ ಸ್ವಲ್ಪ ಸಮಯ ಬೇಕಾಗಬಹುದಂತೆ.

ಮಾಲೀಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಲಸ ಹೋಗುತ್ತದೆ ಎಂದರೂ 'ಯೋಚನೆ ಮಾಡುತ್ತೇನೆ' ಎನ್ನುವವನ ಸೊಕ್ಕು ಎಷ್ಟಿರಬೇಕು ಎಂದು ಗೋಡೆಯನ್ನು ಕೇಳಿದರು. ಆಮೇಲೆ, ಮೇಷ್ಟ್ರನ್ನು ಕೆಲಸದಿಂದ ತೆಗೆಯುವ ಪತ್ರವನ್ನು ಸೋಮವಾರದ ತಾರೀಕು ಹಾಕಿಸಿ, ಅಕ್ಕನಿಗೆ ಹೇಳಿ ಬರೆಸಿದರು. ಅಕ್ಕ ಟೈಪ್ ಮಾಡಿ ತಂದಳು. ಕನ್ನಡಕ ಹಾಕಿಕೊಳ್ಳುವ ತಾಳ್ಮೆಯಿಲ್ಲದೆ, ಓದದೆಯೇ ಸಹಿ ಹಾಕಿದರು.

ಅಂದು ಸಂಜೆ ಮನೆಯಲ್ಲಿ ಅಕ್ಕ ತಟ್ಟೆಯ ಅನ್ನವನ್ನು ಕಲಸುತ್ತಲೇ ಕೂತಳು. ಮೇಷ್ಟ್ರು ನಾಳೆ ನಿಶ್ಚಿಂತೆಯಿಂದ ಹುಡುಗನನ್ನು ಹೊರಗೆ ಕೂರಿಸುತ್ತಾರೆ. ಸೋಮವಾರ ಅವರ ಕೈಗೆ ಪತ್ರ ಬರುತ್ತದೆ. ಕತ್ತಿ ತೂಗುತ್ತಿರುವುದೂ ಆ ಮನುಷ್ಯನಿಗೆ ಗೊತ್ತಿಲ್ಲ. ಗೊತ್ತಾಗದಂತೆ ನೋಡಿಕೊಂಡವಳು ತಾನೇ.

ಅತ್ತೆ ಎದುರಿಗೆ ಕೂತು ಏನಾಯಿತೆಂದು ಕೆದಕಿದರು. ಅಕ್ಕ ಎಲ್ಲವನ್ನೂ ಹೇಳಿದಳು. ಸೋಸುವ ವಿಷಯ ಬಂದಾಗ ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು.

"ನಿಮ್ಮ ಮಾವನ ಮಾತನ್ನೂ ಹೀಗೇ ಸೋಸಿ ಕೊಡ್ತಿದ್ದೆಯಾ?"

ಅಕ್ಕ ಹೌದೆಂದು ತಲೆಯಾಡಿಸಿದಳು.

"ಅವರು ಕಣ್ಣುಮುಚ್ಚೋವರೆಗೂ, ಹದಿನೇಳು ವರ್ಷ. ಹಾಗಾದ್ರೆ ನಾನು ಸಂಸಾರ ಮಾಡಿದ್ದು ಯಾರ ಜೊತೆ? ಅವರ ಜೊತೇನೋ, ನಿನ್ನ ಜೊತೇನೋ?"

"ಅತ್ತೆ, ಅವರು ಕೋಪದಲ್ಲಿ..."

"ಅಡುಗೆ ಚೆನ್ನಾಗಿತ್ತು ಅಂತ ದಿನಾ ಬಂದು ಹೇಳ್ತಿದ್ದೆ."

"ಎರಡು ಸಲ ನಿಜವಾಗ್ಲೂ ಅಂದಿದ್ರು."

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಹಾಗಾದರೂ ಒಂದು ಮಾತು ಹುಟ್ಟುತ್ತಿತ್ತು ಎಂದರು ಅತ್ತೆ. ನಾನು ಏನೆಂದರೂ ಈ ಗಂಡಸು ಬೆಣ್ಣೆಯಂಥ ಉತ್ತರ ಕಳಿಸುತ್ತಾನಲ್ಲ, ನನ್ನನ್ನು ಲೆಕ್ಕಕ್ಕೇ ಇಟ್ಟಿಲ್ಲವಲ್ಲ ಎಂದು ಉರಿದುಹೋಗುತ್ತಿದ್ದೆ ಎಂದರು. ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತ, ಆ ಎರಡು ಸಲ ನಾನು ಏನು ಅಡುಗೆ ಮಾಡಿದ್ದೆ ಎಂದು ಮಾತ್ರ ಕೇಳಿದರು. ಅಕ್ಕನಿಗೆ ನೆನಪಿತ್ತು. ಹೇಳಿದಳು.

ಭಾನುವಾರ ನಾಲ್ಕಕ್ಕೆ ಪಂದ್ಯ. ಮೂರಕ್ಕೆ ಮೇಷ್ಟ್ರು ಆಟಗಾರರ ಪಟ್ಟಿಯನ್ನು ರೆಫರಿಗೆ ಕೊಡಬೇಕು. ಕೊಟ್ಟ ಮೇಲೆ ಮುಗಿಯಿತು. ಒಂದೂವರೆಗೆ ಅಕ್ಕ ತನ್ನ ಕೋಣೆಯ ಎರಡೂ ಬಾಗಿಲು ತೆರೆದಳು. ಮೇಷ್ಟ್ರನ್ನು ಕರೆದಳು. ಅವರು ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಬಂದರು. ಆಕೆ ಅವರನ್ನು ಮುಂದೆ ನಡೆಸಿಕೊಂಡು ಮಾಲೀಕರ ಕೋಣೆಗೆ ಹೋಗಿ, ಕುರ್ಚಿ ತೋರಿಸಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಆಕೆಯನ್ನು ನೋಡಿದರು. ಅಭ್ಯಾಸ.

"ನಾನು ನಿಮ್ಮಿಬ್ಬರಿಗೂ ನಾಲ್ಕು ವರ್ಷದಿಂದ ಸುಳ್ಳು ಹೇಳ್ತಿದ್ದೀನಿ," ಎಂದಳು ಅಕ್ಕ. "ಈಗ ನಿಜ ಹೇಳ್ತೀನಿ. ನಡುವೆ ಬಾಯಿ ಹಾಕ್ಬೇಡಿ."

ನಿನ್ನೆಯದರಿಂದ ಶುರುಮಾಡಿದಳು. ಮಾಲೀಕರ ಗಂಟುಮೂಟೆಯನ್ನು ಮೇಷ್ಟ್ರಿಗೆ, ಮೇಷ್ಟ್ರ ಕುಂಬಳಕಾಯಿಯನ್ನು ಮಾಲೀಕರಿಗೆ, ಒಂದಕ್ಷರ ಬಿಡದೆ ಒಪ್ಪಿಸಿದಳು. ಅಲ್ಲಿಂದ ಹಿಂದಕ್ಕೆ ಹೋದಳು. ತಲೆಯೊಳಗಿನ ಹತ್ತಿ, ದುಂಡಗಿನ ಚೆಂಡು, 'ಸೊಟ್ಟ ಬೆರಳಿನವನಿಗೆ ನೇರ ಗೆರೆ ಎಲ್ಲಿಂದ ಬರಬೇಕು', 'ಅವರ ಹಾಸಿಗೆಗಿಂತ ಅವರ ಮಾತೇ ಉದ್ದ'. ಆಕೆಗೆ ಎಲ್ಲ ಬಾಯಿಪಾಠ. ಸೋಸಿದ ಚರಟವೆಲ್ಲ ಅಷ್ಟು ವರ್ಷ ಆಕೆಯೊಳಗೇ ಕೂತಿತ್ತು. ಹೇಳುತ್ತ ಹೇಳುತ್ತ ದನಿ ಹಗುರಾಯಿತು; ಕೆಲವನ್ನು ಅವರವರ ಧಾಟಿಯಲ್ಲೇ ಹೇಳಿದಳು.

ಮುಗಿದಾಗ ಮೊದಲು ಬಾಯಿಬಿಟ್ಟವರು ಮಾಲೀಕರು. ಆರು ಅಡಿ ದೂರದಲ್ಲಿ ಕೂತಿದ್ದ ಮನುಷ್ಯನನ್ನು ನೇರವಾಗಿ ನೋಡಿ ಕೇಳಿದರು.

"ನಾನು ನಿಮ್ಮ ತಲೇಲಿ ಹತ್ತಿ ಇದೆ ಅಂತ ಹೇಳಿಕಳಿಸ್ದಾಗ ನೀವು ಧನ್ಯವಾದ ಹೇಳ್ಲೇ ಇಲ್ವಾ?"

"ಥೂ, ನಾನ್ಯಾಕೆ ಹೇಳ್ಲಿ?"

"ಪ್ರತಿ ಸಲ ಧನ್ಯವಾದ. ಬೈದ್ರೂ ಧನ್ಯವಾದ. ನನ್ನ ಮಾತನ್ನ ಕಸ ಗುಡಿಸಿದ ಹಾಗೆ ಗುಡಿಸ್ತಾನಲ್ಲ ಅಂತ ನನಗೆ ಮೈಯೆಲ್ಲ ಉರೀತಿತ್ತು."

"ನನಗೇನು ಕಮ್ಮಿ ಉರೀತಿತ್ತಾ? ನಿಮಗೆ ಆಟ ಗೊತ್ತಿಲ್ಲ ಅಂದ್ರೆ, ನಿಮ್ಮ ಅನುಭವದ ಮೇಲೆ ನಂಬಿಕೆ ಇದೆ ಅಂತ ಉತ್ತರ ಬರ್ತಿತ್ತು. ಕತ್ತು ಹಿಸುಕಿಬಿಡೋಣ ಅನ್ನಿಸ್ತಿತ್ತು."

ಇಬ್ಬರೂ ಒಟ್ಟಿಗೆ ಅಕ್ಕನ ಕಡೆ ತಿರುಗಿದರು. ಆಕೆ ಕಿಟಕಿಯ ಸರಳು ಎಣಿಸುತ್ತಿದ್ದಳು. ಮಾಲೀಕರು ಡ್ರಾಯರ್ ಎಳೆದು ಪತ್ರ ತೆಗೆದು ಮೇಷ್ಟ್ರ ಮುಂದೆ ಹಾಕಿದರು. ಇದಾದರೂ ನನ್ನ ಸ್ವಂತ ಮಾತು, ಓದಿಕೊಳ್ಳಿ ಎಂದರು. ಮೇಷ್ಟ್ರು ಓದಿದರು. ಹುಬ್ಬು ಮೇಲೆ ಹೋಯಿತು. ಮತ್ತೊಮ್ಮೆ ಓದಿ, ಗಟ್ಟಿಯಾಗಿ ಓದಿದರು. ತಮ್ಮ ಅಮೂಲ್ಯ ಸೇವೆಗೆ ಕ್ಲಬ್ಬು ಚಿರಋಣಿ, ತಮ್ಮ ಆರೋಗ್ಯವನ್ನು ಗಮನದಲ್ಲಿಟ್ಟು ತಮಗೆ ವಿಶ್ರಾಂತಿಯ ಅವಕಾಶ ಕಲ್ಪಿಸಲು ಸಂತೋಷಿಸುತ್ತೇವೆ, ಕುಟುಂಬದ ಎಲ್ಲರಿಗೂ ಶುಭಾಶಯ.

"ಇದು ಕೆಲಸದಿಂದ ತೆಗೆಯೋ ಪತ್ರಾನೋ, ಮದುವೆ ಕಾಗದಾನೋ?"

ಮಾಲೀಕರು ಪತ್ರ ಕಿತ್ತುಕೊಂಡು ಕನ್ನಡಕ ಏರಿಸಿದರು. ಓದುತ್ತ ಓದುತ್ತ ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ, ಕೊನೆಗೆ ನಗು ಬಾಯಿಗೆ ಬಂತು. ಮೇಷ್ಟ್ರು ನಗಬಾರದೆಂದು ಸಾಕಷ್ಟು ಪ್ರಯತ್ನಪಟ್ಟು ಸೋತರು. ಅಕ್ಕನ ಕಣ್ಣಲ್ಲಿ ನೀರು ಬಂದಿತ್ತು. ಅದು ನಗುವಿನದೇ ಎಂದು ಆಕೆ ಆಮೇಲೆ ಹೇಳುತ್ತಿದ್ದಳು.

ನಗು ಇಳಿದ ಮೇಲೆ ಮಾಲೀಕರು ಮೊಣಕಾಲಿನ ವಿಷಯ ಎತ್ತಿದರು. ನಂಬಿಕೆ ಇನ್ನೂ ಪೂರ್ತಿ ಬಂದಿರಲಿಲ್ಲ. ಜಿರಾಫೆಯನ್ನು ಕರೆಸಿದರು. ಅವನು ಬಾಗಿ ಒಳಬಂದು, ಇಬ್ಬರೂ ಒಂದೇ ಕೋಣೆಯಲ್ಲಿರುವುದನ್ನು ಕಂಡು ತನ್ನ ಕಥೆ ಮುಗಿಯಿತೆಂದೇ ತಿಳಿದ. ನೋವನ್ನು ಮಾಲೀಕರಿಗೆ ತಿಳಿಸಿದರೆ ವಾಪಸ್ ಕಳಿಸಿಬಿಡುತ್ತಾರೆಂದು ಅವನು ಹೆದರಿ ಬಾಯಿಮುಚ್ಚಿಕೊಂಡಿದ್ದ.

ಮಾಲೀಕರು ಅವನನ್ನು ಮೇಜಿನ ಮೇಲೆ ಕೂರಿಸಿ, ತಾವು ನೆಲಕ್ಕೆ ಮಂಡಿಯೂರಿ, ಊದಿದ ಜಾಗವನ್ನು ಹೆಬ್ಬೆರಳಿನಿಂದ ಅದುಮಿದರು. ಬಿಟ್ಟರು. ಗುಳಿ ಎಷ್ಟು ಹೊತ್ತಿಗೆ ತುಂಬುತ್ತದೆಂದು ಕಣ್ಣಿಟ್ಟು ನೋಡಿದರು. ನಲವತ್ತು ವರ್ಷ ಫೋಮು ಅದುಮಿದ ಹೆಬ್ಬೆರಳು ಅದು. ಇನ್ನೊಂದು ಮಂಡಿಯನ್ನೂ ಅದುಮಿ ಹೋಲಿಸಿದರು.

"ಎಷ್ಟು ದಿನ ಬೇಕಂತೆ?" ಎಂದು ಕೆಳಗಿನಿಂದಲೇ ಮೇಷ್ಟ್ರನ್ನು ಕೇಳಿದರು.

"ಡಾಕ್ಟ್ರು ಎರಡು ವಾರ ಅಂದ್ರು."

"ಮೂರು ಕೊಡಿ. ಇದು ಇನ್ನೂ ಮೇಲೇಳ್ತಿಲ್ಲ."

ಮೇಷ್ಟ್ರು ಅವರ ತಲೆಯನ್ನು ಕೊಂಚ ಹೊತ್ತು ನೋಡಿ, ತನಗೂ ಮೂರು ಎಂದೇ ಅನ್ನಿಸಿತ್ತು ಎಂದರು. ನಾಲ್ಕು ವರ್ಷದಲ್ಲಿ ಅವರಿಬ್ಬರು ಒಪ್ಪಿದ ಮೊದಲ ಸಂಗತಿ ಆ ಮೊಣಕಾಲು. ಏಳಲು ಮಾಲೀಕರಿಗೆ ಕಷ್ಟವಾಯಿತು. ಮೇಷ್ಟ್ರು ಸೊಟ್ಟ ಬೆರಳಿನ ಕೈ ಚಾಚಿ ಎತ್ತಿದರು. ಸೋಮವಾರದ ಪತ್ರದ ಗತಿ ಏನೆಂದು ಅಕ್ಕ ಮೆಲ್ಲಗೆ ಕೇಳಿದಳು. ಅದನ್ನು ಯಾರಿಗೂ ಕೊಡುವ ಹಾಗಿಲ್ಲ, ಕೊಟ್ಟರೆ ಅವರು ಸನ್ಮಾನಕ್ಕೆ ಹಾರ ಎಲ್ಲಿ ಅಂತ ಕೇಳುತ್ತಾರೆ ಎಂದರು ಮಾಲೀಕರು. ಹಾಗಾದರೆ ನಾನು ಮಂಗಳವಾರವೂ ಬರಬೇಕೋ ಎಂದು ಮೇಷ್ಟ್ರು ಖಚಿತ ಮಾಡಿಕೊಂಡರು. ಬರದೆ ಇನ್ನೆಲ್ಲಿಗೆ ಹೋಗುತ್ತೀರಿ, ಬೈಸಿಕೊಳ್ಳುವವರು ಬೇಡವೇ ಎಂದು ಉತ್ತರ ಬಂತು. ಜಿರಾಫೆ ಮೇಜಿನಿಂದ ಇಳಿದು ಒಂದೇ ಕಾಲಲ್ಲಿ ಕುಣಿಯುವಷ್ಟು ಖುಷಿಯಾಗಿದ್ದ.

ಪಟ್ಟಿ ಜಿರಾಫೆಯ ಹೆಸರಿಲ್ಲದೆಯೇ ಮೂರು ಗಂಟೆಗೆ ರೆಫರಿಯ ಕೈ ಸೇರಿತು.

ಅಕ್ಕ ಅಂದು ಪಂದ್ಯ ನೋಡಲು ಕೂತಳು. ಈ ಕ್ಲಬ್ಬಿಗೆ ಸೇರಿದಾಗಿನಿಂದ ಇಡೀ ಪಂದ್ಯ ನೋಡಿದ್ದಿಲ್ಲ. ಯಾವುದಾದರೊಂದು ಬಾಗಿಲಿನಿಂದ ಕರೆ ಬರುತ್ತಿತ್ತು. ಆಟ ಆಕೆಗೆ ಅಷ್ಟೇನೂ ಅರ್ಥವಾಗಲಿಲ್ಲ. ಬಿಸಿಲು ಹಿತವಾಗಿತ್ತು. ತಂಡ ಒಂದು ಗೋಲು ಹೊಡೆಯಿತು, ಒಂದು ಬಿಟ್ಟುಕೊಟ್ಟಿತು. ಎಡಗಡೆಯ ಆಟಗಾರನೊಬ್ಬ ಮೂರನೇ ಸಲ ಚೆಂಡು ಕಳೆದುಕೊಂಡಾಗ ಪಕ್ಕದಲ್ಲಿದ್ದ ಮಾಲೀಕರು ಹಲ್ಲು ಕಡಿದು, "ಆ ಮನುಷ್ಯನಿಗೆ ಹೋಗಿ ಹೇಳಮ್ಮ..." ಎಂದು ಶುರುಮಾಡಿದರು.

ಅಕ್ಕ ಅಲುಗಲಿಲ್ಲ. ಮಾಲೀಕರು ಅರ್ಧಕ್ಕೆ ನಿಂತರು. ಎದ್ದರು. ನಾಲ್ಕು ಮೆಟ್ಟಿಲಿಳಿದು, ಕಟಕಟೆಗೆ ಹೊಟ್ಟೆ ಒತ್ತಿ, ಕೆಳಗೆ ಮೈದಾನದ ಅಂಚಿನಲ್ಲಿ ನಿಂತಿದ್ದ ಮೇಷ್ಟ್ರಿಗೆ ಕೇಳುವ ಹಾಗೆ, ಆ ಎಡಗಡೆಯವನನ್ನು ನಿದ್ದೆಯಿಂದ ಎಬ್ಬಿಸಿ ಎಂದು ಕೂಗಿದರು.

ಮೇಷ್ಟ್ರು ತಿರುಗದೆಯೇ ಕೈ ಎತ್ತಿದರು. "ನಿಮ್ಮ ಹಾಸಿಗೆ ಮೇಲೆ ಮಲಗಿದ್ನಂತೆ, ಎದ್ದೇ ಇಲ್ಲ!"

ಸುತ್ತಲಿನವರೆಲ್ಲ ನಕ್ಕರು. ಮಾಲೀಕರು ಮತ್ತೇನೋ ಕೂಗಿದರು, ಕೆಳಗಿನಿಂದ ಮತ್ತೇನೋ ಬಂತು. ಅಕ್ಕ ಚಪ್ಪಲಿ ಬಿಟ್ಟು, ಮುಂದಿನ ಖಾಲಿ ಬೆಂಚಿನ ಮೇಲೆ ಕಾಲು ಚಾಚಿದಳು. ಆ ಮಾತುಗಳಲ್ಲಿ ಒಂದನ್ನೂ ನೆನಪಿಟ್ಟುಕೊಳ್ಳಬೇಕಾಗಿರಲಿಲ್ಲ.