ಲೆಸ್ಟರ್ ಅಜ್ಜನ ಕಲ್ಲು

ವರ್ಡಾ ಕ್ಲಿಂಜ್‌ಮನ್ ನಡೆಯುವಾಗ ಎಡಭುಜ ಮುಂದೆ, ಬಲಭುಜ ಹಿಂದೆ. ಬಟ್ಟಬಯಲಿನಲ್ಲಿಯೂ ಯಾವುದೋ ಇಕ್ಕಟ್ಟಾದ ಬಾಗಿಲಲ್ಲಿ ನುಸುಳುತ್ತಿರುವವರಂತೆ ಕಾಣುತ್ತಿದ್ದರು. ನಮ್ಮ ಶಾಲೆಯ ಅಡುಗೆಮನೆಯಲ್ಲಿ, ಎರಡು ಓವನ್‌ಗಳ ನಡುವಿನ ಕಿರಿದಾದ ಜಾಗದಲ್ಲಿ ಮೂವತ್ತೊಂದು ವರ್ಷ ತಟ್ಟೆ ಹಿಡಿದು ಓಡಾಡಿದ ಫಲವದು. ಅವರ ಬೂದುಬಣ್ಣದ ಉಣ್ಣೆಯ ಕೋಟು ಗತಿಸಿದ ಗಂಡನದು. ಅದರ ಎದೆಯ ಜೇಬಿನಲ್ಲಿ, ನಾವು ಉಪಾಧ್ಯಾಯರು ಲೇಖನಿ ಸಿಕ್ಕಿಸುವ ಕಡೆ, ಕೇಕು ಬೆಂದಿದೆಯೇ ಎಂದು ಚುಚ್ಚಿ ನೋಡುವ ಹಲ್ಲುಕಡ್ಡಿಗಳು.

ಅಮೆರಿಕದ ಇರೀ ಸರೋವರದ ದಡದ ನಮ್ಮ ಪುಟ್ಟ ಊರಿನಲ್ಲಿ, ಮಕ್ಕಳು ಭೂತಪ್ರೇತಗಳ ವೇಷ ಹಾಕುವ ಹ್ಯಾಲೋವೀನ್ ಹಬ್ಬದ ಕೂಟ ನಡೆಯುವುದು ಅಗ್ನಿಶಾಮಕ ಠಾಣೆಯಲ್ಲಿ. ವಾಹನಗಳನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕುತ್ತಾರೆ. ಮೇಜಿನ ಮೇಲಿನ ತಿನಿಸನ್ನೆಲ್ಲ ಆ ಬೆಳಿಗ್ಗೆ ಮಕ್ಕಳೇ ವರ್ಡಾ ಅವರ ಕಣ್ಣೆದುರು ಮಾಡಿರಬೇಕು ಎಂಬುದು ನಿಯಮ. ಭೂತಪ್ರೇತಗಳಲ್ಲಿ ಕಿಂಚಿತ್ತೂ ಆಸಕ್ತಿಯಿಲ್ಲದ, ಭಾನುವಾರದ ಪ್ರಾರ್ಥನೆಯನ್ನು ಒಮ್ಮೆಯೂ ತಪ್ಪಿಸದ ಈ ಹೆಂಗಸಿಗೆ ಆ ಒಂದು ದಿನ ಅದೇನು ಆವೇಶವೋ ಎಂಬ ಕುತೂಹಲದಿಂದಲೇ, ನಿವೃತ್ತನಾದ ಮೇಲೆ ನಾನು ತಿನಿಸಿನ ಮೇಲೆ ಬರೆಯುವ ಸಕ್ಕರೆಯ ಐಸಿಂಗನ್ನು ಕೊಳವೆಗೆ ತುಂಬಿಕೊಡುವ ಕೆಲಸಕ್ಕೆ ಸೇರಿಕೊಂಡೆ.

ಮಗುವೊಂದು ಹಿಟ್ಟಿನ ಮುದ್ದೆಗೆ ಏಳು ಕಾಲು ಅಂಟಿಸಿ ತಂದರೆ ಇದೇನೆಂದು ಅವರು ಕೇಳುತ್ತಿರಲಿಲ್ಲ. "ಇದು ಏನು ತಿನ್ನುತ್ತೆ?" ಎಂದು ಕೇಳುತ್ತಿದ್ದರು, ಸಾಕುಪ್ರಾಣಿಯ ವಿಚಾರಣೆಯಷ್ಟು ಗಂಭೀರವಾಗಿ. ಒಮ್ಮೆ ಒಬ್ಬ ತುಂಟ "ಮೇಷ್ಟ್ರನ್ನ" ಎಂದು ನನ್ನತ್ತ ಬೆರಳು ತೋರಿದ. "ಅಷ್ಟು ಒಣಕಲನ್ನ ತಿಂದ್ರೆ ಹೊಟ್ಟೆ ತುಂಬುತ್ತೇನೋ?" ಎಂದರು ವರ್ಡಾ, ತಲೆಯನ್ನೂ ಎತ್ತದೆ.

ಕೂಟದ ಮುಖ್ಯ ತಿನಿಸು ಸ್ಮಶಾನದ ಕೇಕು: ಅಗಲವಾದ ತಟ್ಟೆಯಲ್ಲಿ ಚಾಕೊಲೇಟಿನ ಕೆನೆ, ಮೇಲೆ ಮಣ್ಣಿನಂತೆ ಕಪ್ಪು ಬಿಸ್ಕತ್ತಿನ ಪುಡಿ, ಅದರಲ್ಲಿ ಗೋರಿಕಲ್ಲುಗಳಂತೆ ನೆಟ್ಟ ಬಿಸ್ಕತ್ತುಗಳು. ಕಲ್ಲಿನ ಮೇಲೆ ತಮಾಷೆಯ ಹೆಸರು ಬರೆಯುವುದು ಮಕ್ಕಳ ಹಕ್ಕು: ಎಲುಬಪ್ಪ, ಹಲ್ಲುದುರಿದ ಪಿಶಾಚಿ. ಆ ವರ್ಷ ಎಂಟು ವರ್ಷದ ಜೂನಿಯಾ ತನ್ನ ಕಲ್ಲಿನ ಮೇಲೆ ‘ಲೆಸ್ಟರ್ ಅಜ್ಜ’ ಎಂದು ಬರೆದು ಕೆಳಗೊಂದು ಬಸ್ಸು ಬಿಡಿಸಿದಳು. ನಮ್ಮ ಶಾಲೆಯ ಬಸ್ಸು ಓಡಿಸುತ್ತಿದ್ದ ಅವಳ ಅಜ್ಜ ತೀರಿಹೋಗಿ ಆರು ವಾರವೂ ಆಗಿರಲಿಲ್ಲ. ಸಂಜೆ ಕೂಟಕ್ಕೆ ಅವಳ ಅಜ್ಜಿ ಓಪಲ್ ಬರುವವರಿದ್ದರು. ಗಂಡ ಹೋದ ಮೇಲೆ ಆಕೆ ನಾಲ್ಕು ಜನರ ನಡುವೆ ಬರುತ್ತಿದ್ದುದು ಅದೇ ಮೊದಲು.

ನಾನು ವರ್ಡಾ ಅವರನ್ನು ಪಕ್ಕಕ್ಕೆ ಕರೆದು, ಇದೊಂದನ್ನು ಒಳಗಿಟ್ಟುಬಿಡೋಣ, ಆಕೆಯ ಎದೆ ಒಡೆದೀತು ಎಂದೆ. ಅವರು ಜೇಬಿನಿಂದ ಹಲ್ಲುಕಡ್ಡಿಯೊಂದನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿದರು.

"ಹಾಗೇನಾದ್ರೂ ಆದ್ರೆ ನನ್ನ ತಲೆ ಮೇಲೆ ಬರ್ಲಿ, ಮೇಷ್ಟ್ರೇ. ಅಜ್ಜನ್ನ ನೆನೆಸ್ಕೊಂಡಿದ್ದು ತಪ್ಪು ಅಂತ ಈ ಕೂಸಿಗೆ ನಾನು ಹೇಳೋಲ್ಲ."

ಆಮೇಲೆ ಹುಡುಗಿಯತ್ತ ತಿರುಗಿ, ಕಲ್ಲನ್ನು ಎಲ್ಲಿ ನೆಡೋಣ ಎಂದು ಕೇಳಿದರು.

"ಅಂಚಲ್ಲಿ," ಎಂದಳು ಜೂನಿಯಾ. "ಬಸ್ಸು ತಿರುಗಿಸೋಕೆ ಜಾಗ ಬೇಕಲ್ಲ."

ಸಂಜೆ ಓಪಲ್ ಆ ತಟ್ಟೆಯ ಮುಂದೆ ಬಂದಾಗ ವರ್ಡಾ ಅವರ ಮುಖ ಸುಣ್ಣದಂತಾಗಿತ್ತು. ಎಪ್ಪತ್ತು ದಾಟಿದ ಆ ಹೆಂಗಸು ಬೈಗುಳಕ್ಕೆ ಕಾದ ವಿದ್ಯಾರ್ಥಿನಿಯಂತೆ ಕೈಕಟ್ಟಿ ನಿಂತಿದ್ದರು. ಓಪಲ್ ಕನ್ನಡಕ ಹಾಕಿಕೊಂಡು ಓದಿದರು. ಮತ್ತೊಮ್ಮೆ ಓದಿದರು.

"ಜೂನಿಯಾ, ಬಾ ಇಲ್ಲಿ. ಬಸ್ಸಿಗೆ ಮೂರೇ ಚಕ್ರ ಇದೆಯಲ್ಲೇ. ಇಂಥದ್ದನ್ನ ನಿಮ್ಮಜ್ಜ ರಸ್ತೆಗೆ ಇಳಿಸ್ತಿದ್ರಾ?"

ಹುಡುಗಿ ಓಡಿಹೋಗಿ ಐಸಿಂಗ್ ತಂದು ನಾಲ್ಕನೆಯದನ್ನು ಹಾಕಿದಳು. ಓಪಲ್ ಬಿಸ್ಕತ್ತನ್ನು ಕಿತ್ತು, ಎರಡು ತುಂಡು ಮಾಡಿ, ಹೆಸರಿದ್ದ ಭಾಗವನ್ನು ಮೊಮ್ಮಗಳಿಗೆ ಕೊಟ್ಟು ಬಸ್ಸನ್ನು ತಾವು ತಿಂದರು; ಅಳುತ್ತಲೇ ತಿಂದರು, ಪುಡಿಯನ್ನೂ ಬಿಡದೆ. ಕೊನೆಗೆ ವರ್ಡಾ ಅವರತ್ತ ನೋಡಿ, ಬೆಣ್ಣೆ ಸ್ವಲ್ಪ ಕಡಿಮೆಯಾಯಿತು ಎಂದರು.

ಮಕ್ಕಳಿಂದ ಸಾವನ್ನು ಮುಚ್ಚಿಡುವವರು ಕೆಟ್ಟವರಲ್ಲ. ಜೀವಮಾನವೆಲ್ಲ ನಾನೂ ಅವರಲ್ಲೊಬ್ಬನಾಗಿದ್ದೆ. ವರ್ಡಾ ಅವರಂಥವರ ಜಾಯಮಾನ ಬೇರೆ. ಮುಂದೇನಾಗುವುದೆಂದು ಅವರಿಗೆ ನಮಗಿಂತ ಹೆಚ್ಚೇನೂ ತಿಳಿದಿರುವುದಿಲ್ಲ, ಧೈರ್ಯವೂ ಹೆಚ್ಚಿರುವುದಿಲ್ಲ. ಮಗುವಿನ ಜೊತೆ ತಾವೂ ಹೆದರಿಕೊಂಡು, ಕೊನೆಯವರೆಗೆ ಪಕ್ಕದಲ್ಲಿ ನಿಂತಿರುತ್ತಾರೆ, ಅಷ್ಟೆ.