ಎಂಬತ್ತು ಕಿಲೋ

ಗುಂಡಕ್ಕ ತೂಕ ಇಳಿಸಲು ಹೊರಟಿದ್ದು ಚೆಂದ ಕಾಣುವುದಕ್ಕಲ್ಲ. ಆ ಹುಚ್ಚು ಇಪ್ಪತ್ತರಲ್ಲೇ ಇರಲಿಲ್ಲ, ಐವತ್ತಕ್ಕೆ ಎಲ್ಲಿಂದ ಬರಬೇಕು? ತಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಅವಳದು ಅವನಿಗೆ ಹೊಂದುತ್ತಿತ್ತು. ಆದರೆ ನೂರಾ ಹನ್ನೆರಡು ಕಿಲೋ ಇರುವವಳಿಂದ ಕಿಡ್ನಿ ತೆಗೆಯುವುದು ಅವಳ ಜೀವಕ್ಕೇ ಅಪಾಯ, ಎಂಬತ್ತಕ್ಕೆ ಇಳಿದು ಬನ್ನಿ ಎಂದರು ಆಸ್ಪತ್ರೆಯವರು.

ಅಕ್ಕ ತಮ್ಮ ಇಬ್ಬರೂ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವರು. ದಿನಕ್ಕೆ ಮುನ್ನೂರು ಜನರ ಊಟ. ಅವಳು ಒಲೆ ನೋಡಿಕೊಂಡರೆ ಅವನು ರುಚಿ ನೋಡುತ್ತಿದ್ದ. ಒಣಕಲು ಮೈಯವನು, ಎಲ್ಲರೂ ಅವನನ್ನು ಕರೆಯುವುದೇ ಕಡ್ಡಿ ಎಂದು. ಡಯಾಲಿಸಿಸ್ ಶುರುವಾದ ಮೇಲೆ ಅವನ ಉಪ್ಪಿಗೂ ನೀರಿಗೂ ಕಡಿವಾಣ ಬಿತ್ತು. ರುಚಿ ನೋಡುವ ಸೌಟು ಅಕ್ಕನ ಕೈಗೆ ಬಂತು.

ವರ್ಷವಿಡೀ ಬಾಯಿ ಕಟ್ಟಿ ಅವಳು ಇಳಿಸಿದ್ದು ಆರೇ ಕಿಲೋ. ಕೊನೆಗೆ ಸರ್ಜನ್ ಹಾಳೆಯ ಮೇಲೆ ಮೂರು ಜಠರದ ಚಿತ್ರ ಬರೆದರು.

"ಮೊದಲನೇದು, ಮೇಲ್ಗಡೆ ಒಂದು ಪಟ್ಟಿ ಬಿಗಿಯೋದು. ಸ್ವಲ್ಪ ತಿಂದ್ರೂ ತುಂಬಿದ ಹಾಗಾಗುತ್ತೆ, ಆದ್ರೆ ತೂಕ ನಿಧಾನಕ್ಕೆ ಇಳಿಯುತ್ತೆ. ಎರಡನೇದು ಬೈಪಾಸ್. ಜಠರದಲ್ಲಿ ಪುಟ್ಟ ಚೀಲ ಮಾಡಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸ್ತೀವಿ. ತಿಂದಿದ್ದು ಕರುಳಿನ ಒಂದಷ್ಟು ಭಾಗ ಬಿಟ್ಟು ಮುಂದೆ ಹೋಗುತ್ತೆ, ಮೈಗೆ ಹತ್ತೋದು ಕಮ್ಮಿ. ಆದ್ರೆ ಕೆಲವರಿಗೆ ಅದರಿಂದ ಕಿಡ್ನಿಯಲ್ಲಿ ಕಲ್ಲಾಗುತ್ತೆ. ಮುಂದೆ ಒಂದೇ ಕಿಡ್ನಿಲಿ ಬದುಕೋ ನಿಮಗೆ ಅದು ಬೇಡ."

"ಮೂರನೇದು?"

"ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆಯೋದು. ಬಾಳೆಹಣ್ಣಿನಷ್ಟು ಕೊಳವೆ ಉಳಿಯುತ್ತೆ. ಹಸಿವೂ ಕಮ್ಮಿಯಾಗುತ್ತೆ."

"ಅದೇ ಮಾಡಿ," ಎಂದಳು ಗುಂಡಕ್ಕ.

"ನಂಗೋಸ್ಕರ ಹೊಟ್ಟೆ ಕೊಯ್ಸ್ಕೋತೀಯಾ? ಬೇಡ ಅಕ್ಕಾ," ಎಂದ ಪಕ್ಕದಲ್ಲಿ ಕೂತಿದ್ದ ಕಡ್ಡಿ.

"ಬಾಯ್ಮುಚ್ಚೋ. ನಿನ್ನ ಎತ್ತಿ ಆಡಿಸಿದ ಮೈ ಇದು. ನಿನ್ನ ಕೇಳಿ ಕೊಯ್ಸ್ಕೋಬೇಕಾ?"

ಆಪರೇಷನ್ ಆಗಿ ಐದು ತಿಂಗಳಿಗೆ ಎಂಬತ್ತಾರಕ್ಕೆ ಇಳಿದಳು. ಅಲ್ಲಿಂದಾಚೆಗೆ ತೂಕ ಜಪ್ಪಯ್ಯ ಎಂದರೂ ಕದಲಲಿಲ್ಲ. ಒಂದು ತಿಂಗಳು, ಎರಡು ತಿಂಗಳು. ಇತ್ತ ಕಡ್ಡಿ ಮೆಟ್ಟಿಲು ಹತ್ತಲಾರದ ಹಾಗಾದ. ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹುಡುಗಿ, ಗುಂಡಕ್ಕ ತಿಂದದ್ದನ್ನೆಲ್ಲ ಬರೆದಿಡುತ್ತಿದ್ದ ಪುಸ್ತಕವನ್ನು ತಿರುವಿ ತಿರುವಿ ನೋಡಿದಳು. ಒಂದು ಮೊಟ್ಟೆ, ನಾಲ್ಕು ಚಮಚ ಬೇಳೆ. ಒಂದಕ್ಷರವೂ ಸುಳ್ಳಿರಲಿಲ್ಲ.

"ಊಟ ಬಿಡಿ ಅಕ್ಕಾ. ಬೆಳಿಗ್ಗೆಯಿಂದ ಏನೇನು ಕೆಲಸ ಮಾಡ್ತೀರಿ ಹೇಳಿ."

ಗುಂಡಕ್ಕ ಹೇಳಿದಳು. ಆರು ಪಾತ್ರೆ ಅಡುಗೆ. ಒಂದೊಂದನ್ನೂ ಮೂರು ಸಲ ರುಚಿ ನೋಡುವುದು. ಬೆಣ್ಣೆ ಹಾಕಿದ ಸೂಪು, ಸಕ್ಕರೆ ಹಾಲು.

"ಇದನ್ಯಾಕೆ ಬರೆದಿಲ್ಲ?"

"ರುಚಿ ನೋಡೋದು ಊಟ ಹೇಗಾಗುತ್ತಮ್ಮಾ? ಅದು ಕೆಲಸ ಅಲ್ವಾ?"

ಹುಡುಗಿ ಮೆಲ್ಲಗೆ ಹೇಳಿದಳು, "ಆ ಕೊಳವೆ ಗಟ್ಟಿ ಊಟನ ತಡೆಯುತ್ತೆ ಅಕ್ಕಾ. ಸೂಪು, ಹಾಲು ಸಲೀಸಾಗಿ ಜಾರಿ ಹೋಗುತ್ತೆ."

ಅವತ್ತೇ ಗುಂಡಕ್ಕ ಸೌಟನ್ನು ಪಾತ್ರೆ ತೊಳೆಯುವವಳ ಕೈಗೆ ಕೊಟ್ಟಳು. ಉಪ್ಪು ಹೆಚ್ಚಾಯಿತು, ಖಾರ ಕಮ್ಮಿಯಾಯಿತು, ಕಾರ್ಖಾನೆಯವರು ಗೊಣಗಿದರು. ಗೊಣಗಿಕೊಳ್ಳಲಿ, ತೂಕ ಮತ್ತೆ ಇಳಿಯುತ್ತಿತ್ತಲ್ಲ. ಎಂಬತ್ನಾಲ್ಕು. ಎಂಬತ್ತೆರಡು. ಆ ವಾರವೇ ಡಯಾಲಿಸಿಸ್ ಕುರ್ಚಿಯಲ್ಲಿ ಕೂತಿದ್ದ ಕಡ್ಡಿಯ ಗುಂಡಿಗೆ ನಿಂತುಹೋಯಿತು.

ಯಾರೂ ಅವಳನ್ನು ದೂರಲಿಲ್ಲ. ಅವನ ಗುಂಡಿಗೆ ಮೊದಲೇ ಸೋತಿತ್ತು ಎಂದು ಡಾಕ್ಟರೇ ಹೇಳಿದರು. ಅದೆಲ್ಲ ಅವಳ ತಲೆಗೆ ಹೋಗಲಿಲ್ಲ. ತಮ್ಮನಿಗೆ ಸಿಗಬೇಕಿದ್ದ ಎರಡು ತಿಂಗಳನ್ನು ತಾನು ಸೌಟು ಸೌಟಾಗಿ ಕುಡಿದುಬಿಟ್ಟೆ ಎಂಬ ಸಂಕಟ ಅವಳನ್ನು ಹಿಂಡಿ ಹಾಕಿತು.

ಮೂರು ವಾರದ ಮೇಲೆ ತಪಾಸಣೆಯ ದಿನ ಬಂತು. ಯಾಕೆ ಹೋಗಬೇಕೆಂದು ತಿಳಿಯದಿದ್ದರೂ ಹೋದಳು. ಅಷ್ಟು ದಿನ ರಜೆಯಲ್ಲಿದ್ದ ಹುಡುಗಿಗೆ ಏನೂ ಗೊತ್ತಿರಲಿಲ್ಲ. ತೂಕದ ಯಂತ್ರದ ಮೇಲೆ ಎಪ್ಪತ್ತೊಂಬತ್ತೂವರೆ ಕಂಡಿದ್ದೇ ಚಪ್ಪಾಳೆ ತಟ್ಟಿದಳು.

"ಗೆದ್ರಿ ಅಕ್ಕಾ! ತಮ್ಮಂಗೆ ನಾನೇ ಫೋನ್ ಮಾಡ್ಲಾ?"

"ಅವನು ಹೋದ ಕಣಮ್ಮಾ."

ಹುಡುಗಿಯ ಕೈ ಹಾಗೇ ನಿಂತಿತು. "ಇಳೀರಿ ಅಕ್ಕಾ," ಎಂದು ಅವಳ ತೋಳು ಹಿಡಿದಳು. ಗುಂಡಕ್ಕ ಇಳಿಯಲಿಲ್ಲ.

"ತಡಿ. ಇನ್ನೊಂದ್ಸಲ ಸರಿಯಾಗಿ ನೋಡು," ಎಂದಳು. "ಈಗ ನಾನು ಕೊಡಬಹುದು, ಅಲ್ವಾ?"

"ಹೂಂ ಅಕ್ಕಾ," ಎಂದಳು ಹುಡುಗಿ ಅಳುತ್ತ. "ಈಗ ಕೊಡಬಹುದು."